ಸೇವೆ, ಅಧಿಕಾರ ಮತ್ತು ಸ್ತ್ರೀ: ಮುಂಬಯಿಯ ಕಥೋಲಿಕ ಧರ್ಮಸಭೆಯ ಹೊಸ ನಾಯಕತ್ವದ ಮುಂದಿರುವ ಪ್ರಶ್ನೆ

ಮುಂಬಯಿ ಕನ್ನಡಿಗರ ಬದುಕನ್ನು ಕುರಿತು ಇದುವರೆಗೆ ನಡೆದಿರುವ ಅಧ್ಯಯನಗಳಲ್ಲಿ ರಾತ್ರಿಶಾಲೆಗಳಿವೆ, ಹೋಟೆಲು ಉದ್ಯಮವಿದೆ, ಯಕ್ಷಗಾನ ಮಂಡಳಿಗಳಿವೆ, ಸಂಘ ಸಂಸ್ಥೆಗಳ ಸುದೀರ್ಘ ಚರಿತ್ರೆಯಿದೆ. ಅದೇ ಕರಾವಳಿಯಿಂದ ಅದೇ ಕಾಲಕ್ಕೆ ಹೊಟ್ಟೆಪಾಡನ್ನು ಅರಸಿ ಬಂದ ಕಥೋಲಿಕ ಕ್ರೈಸ್ತರ ಪ್ರಸ್ತಾಪ ಮಾತ್ರ ಅಲ್ಲಿ ತೀರ ವಿರಳ. ಮನೆಮಾತು ಕೊಂಕಣಿ, ಓದುಬರಹದ ಲಿಪಿ ಕನ್ನಡ, ನೆರೆಹೊರೆಯ ವ್ಯವಹಾರ ತುಳು. ಹೀಗೆ ಮೂರು ಭಾಷೆಗಳ ನಡುವೆ ಬೆಳೆದು ಬಂದ ಈ ಸಮುದಾಯ ಕುರ್ಲಾ, ಕಲಿನ, ಸಾಕಿನಾಕ, ಜರಿಮರಿ ಮೊದಲಾದ ಉಪನಗರಗಳಲ್ಲಿ ನೆಲೆ ಕಂಡುಕೊಂಡಿತು. 'ದಿವೊ'ದಂತಹ ಕೊಂಕಣಿ ವಾರಪತ್ರಿಕೆಯೊಂದು ಮುಂಬಯಿಯಿಂದಲೇ ಕನ್ನಡ ಲಿಪಿಯಲ್ಲಿ ಹೊರಬಂದುದು ಈ ನೆಲೆಯ ಗಟ್ಟಿತನಕ್ಕೆ ಸಾಕ್ಷಿ. ಈ ಸಮುದಾಯದ ಹೆಣ್ಣುಮಕ್ಕಳು ದಾದಿಯರಾಗಿ, ಶಿಕ್ಷಕಿಯರಾಗಿ, ಕಚೇರಿಗಳ ಬೆರಳಚ್ಚುಗಾರ್ತಿಯರಾಗಿ, ಮನೆಗೆಲಸದವರಾಗಿ, ಧರ್ಮಭಗಿನಿಯರಾಗಿ ಈ ನಗರದ ನಿತ್ಯಜೀವನವನ್ನು ನಡೆಸಿಕೊಂಡು ಬಂದಿದ್ದಾರೆ. ಅವರ ಧರ್ಮಸಭೆಯೊಳಗೆ ಅವರಿಗಿರುವ ಸ್ಥಾನವೇನು ಎಂಬ ಪ್ರಶ್ನೆ ಕನ್ನಡ ವಿದ್ವತ್ತಿಗೆ ಹೊರಗಿನದೆಂದು ಭಾವಿಸಲು ಕಾರಣವಿಲ್ಲ. ಸ್ತ್ರೀಗೆ ಆಧ್ಯಾತ್ಮಿಕ ಅಧಿಕಾರವುಂಟೇ ಎಂಬ ಚರ್ಚೆಯನ್ನು ಹನ್ನೆರಡನೆಯ ಶತಮಾನದಿಂದಲೂ ಕೇಳಿಸಿಕೊಂಡು ಬಂದ ಭಾಷೆ ಇದು.

ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಬೆಳಗನ್ನು ನೋಡಿದರೆ ಪ್ರಶ್ನೆಯ ಸ್ವರೂಪ ತಾನಾಗಿಯೇ ತಿಳಿಯುತ್ತದೆ. ಮರಿಯಮ್ಮನವರ ಜನ್ಮದಿನವಾದ ಅಂದು ಮಂಗಳೂರು ಮೂಲದ ಕುಟುಂಬಗಳು ಹೊಸ ತೆನೆಯ ಹಬ್ಬವನ್ನು ಆಚರಿಸುತ್ತವೆ. ಅದಕ್ಕೆ ಮುಂಚಿನ ದಿನಗಳಲ್ಲಿ ಮಕ್ಕಳು ಮರಿಯಮ್ಮನಿಗೆ ಹೂವು ಅರ್ಪಿಸುತ್ತಾರೆ. ಗದ್ದೆಯಿಲ್ಲದ ಮುಂಬಯಿಗೆ ತೆನೆ ಎಲ್ಲಿಂದಲೋ ಬರಬೇಕು. ಅದನ್ನು ತರಿಸುವುದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡು ಕಲಿಸುವುದು, ಇಗರ್ಜಿಯನ್ನು ಸಿಂಗರಿಸುವುದು, ಮನೆಗೆ ಬಂದ ತೆನೆಯ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರ ಬಾಯಿಗೂ ಮುಟ್ಟಿಸುವುದು, ಆ ದಿನದ ಸಸ್ಯಾಹಾರದ ಊಟವನ್ನು ಅಣಿಗೊಳಿಸುವುದು, ಇವೆಲ್ಲವೂ ಬಹುಮಟ್ಟಿಗೆ ಹೆಂಗಸರ ಹೊಣೆ. ತೆನೆಯನ್ನು ಆಶೀರ್ವದಿಸುವ ಕೈ ಮಾತ್ರ ಪುರುಷನದು. ಈ ಚಿತ್ರದಲ್ಲಿ ದುಃಖದ ಛಾಯೆಯೇನೂ ಇಲ್ಲ, ಹಬ್ಬ ಹಬ್ಬವೇ. ಆದರೆ ಕೆಲಸದ ವಿಂಗಡಣೆ ಕಣ್ಣಿಗೆ ಹೊಡೆದು ಕಾಣುತ್ತದೆ.

2025ನೆಯ ಇಸವಿ ಈ ಸಮುದಾಯದ ಪಾಲಿಗೆ ಎರಡು ನಾಯಕತ್ವಗಳ ಬದಲಾವಣೆಯ ವರ್ಷವಾಯಿತು. ಜನವರಿ 25ರಂದು ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಅವರು ನಿವೃತ್ತರಾಗಿ, ಜಾನ್ ರೊಡ್ರಿಗಸ್ ಅವರು ಮುಂಬಯಿಯ ಮಹಾಧರ್ಮಾಧ್ಯಕ್ಷರಾದರು. ಗ್ರೇಶಿಯಸ್ ಅವರದು 2006ರಿಂದ ಮೊದಲ್ಗೊಂಡು ಹದಿನೆಂಟು ವರ್ಷಗಳಿಗೂ ಮಿಕ್ಕಿದ ಆಡಳಿತ. ರೊಡ್ರಿಗಸ್ ಅವರು ಮುಂಬಯಿಯಲ್ಲೇ ಹುಟ್ಟಿ, ಇಲ್ಲಿಯೇ 2013ರಿಂದ ಸಹಾಯಕ ಧರ್ಮಾಧ್ಯಕ್ಷರಾಗಿದ್ದು, ಅನಂತರ ಪುಣೆಯ ಧರ್ಮಾಧ್ಯಕ್ಷರಾಗಿ ಹೋಗಿ ಮರಳಿ ಬಂದವರು. ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ಕಾಲವಾದರು. ಮೇ 8ರಂದು ಹದಿನಾಲ್ಕನೆಯ ಲಿಯೋ ಆಯ್ಕೆಯಾದರು. ಹೊಸಬರು ಬಂದಾಗ ನಿರೀಕ್ಷೆಗಳು ಚಿಗುರುವುದು ಸಹಜ. ನಗರ, ಉಪನಗರ, ಠಾಣೆ, ರಾಯಗಡಗಳಲ್ಲಿ ಹರಡಿರುವ ಸುಮಾರು 5 ಲಕ್ಷ ಕಥೋಲಿಕರ ಈ ಮಹಾಧರ್ಮಪ್ರಾಂತ್ಯದಲ್ಲಿ ಆ ನಿರೀಕ್ಷೆಗಳಲ್ಲಿ ಮಹಿಳೆಯರ ಪಾಲು ದೊಡ್ಡದು. ಅವರ ನಿರೀಕ್ಷೆ ಯಾವುದರ ಮೇಲೆ ನಿಲ್ಲಬೇಕು ಎಂಬುದೇ ಇಲ್ಲಿ ವಿಚಾರಣೀಯವಾದ ಸಂಗತಿ.

ಮುಂಬಯಿಯ ಕಥೋಲಿಕ ಧರ್ಮಸಭೆಯ ಹೆಸರು ಹೊರಗಿನ ಸಮಾಜಕ್ಕೆ ತಿಳಿದಿರುವುದು ಬಹುಪಾಲು ಸ್ತ್ರೀಯರು ಕಟ್ಟಿದ ಸಂಸ್ಥೆಗಳಿಂದ. 1940ರಲ್ಲಿ ಸೇಕ್ರೆಡ್ ಹಾರ್ಟ್ ಸಂಸ್ಥೆಯ ಧರ್ಮಭಗಿನಿಯರು ಸ್ಥಾಪಿಸಿದ ಸೋಫಿಯಾ ಮಹಿಳಾ ಕಾಲೇಜಿನಲ್ಲಿ ಎಲ್ಲ ಮತಧರ್ಮಗಳ ಹೆಣ್ಣುಮಕ್ಕಳ ಹಲವು ತಲೆಮಾರುಗಳು ಓದಿವೆ. ಅಂಧೇರಿಯ ಮಹಾಕಾಳಿ ರಸ್ತೆಯ ಹೋಲಿ ಸ್ಪಿರಿಟ್ ಆಸ್ಪತ್ರೆ ಅದೇ ಹೆಸರಿನ ಧರ್ಮಭಗಿನಿಯರ ನಿರ್ವಹಣೆಯಲ್ಲಿ ಬೆಳೆದದ್ದು. ಜರ್ಮನಿಯಿಂದ ಬಂದ ಆನ್ನಾ ಹುಬೆರ್ಟಾ ರೊಗೆನ್‌ಡಾರ್ಫ್ ಅವರು 1942ರಲ್ಲಿ ಅಂಧೇರಿಯಲ್ಲಿ ಆರಂಭಿಸಿದ 'ಹೆಲ್ಪರ್ಸ್ ಆಫ್ ಮೇರಿ' ಸಂಸ್ಥೆ ಅನಾಥ ಮಕ್ಕಳ ಹಾಗೂ ಕುಷ್ಠರೋಗಿಗಳ ನಡುವೆ ದುಡಿಯಿತು. ಬೆಲ್ಜಿಯಂ ಮೂಲದ ಸಿಸ್ಟರ್ ಜೀನ್ ಡೆವೊಸ್ ಅವರು 1985ರಲ್ಲಿ ಕಟ್ಟಿದ ರಾಷ್ಟ್ರೀಯ ಮನೆಗೆಲಸಗಾರರ ಆಂದೋಲನವು, ಮುಂಬಯಿಯ ಫ್ಲ್ಯಾಟುಗಳ ಅಡುಗೆಮನೆಗಳಲ್ಲಿ ಹೆಸರಿಲ್ಲದೆ ದುಡಿಯುತ್ತಿದ್ದ ಹೆಂಗಸರಿಗೆ ಕೆಲಸಗಾರ್ತಿ ಎಂಬ ಮರ್ಯಾದೆಯ ಹೆಸರನ್ನು ದೊರಕಿಸಿಕೊಡಲು ಹೆಣಗಿದೆ.

ಈ ಪರಂಪರೆಯ ಒಂದು ಎಳೆ ಕರ್ನಾಟಕದಲ್ಲಿಯೂ ಇದೆ. ಮದರ್ ವೆರೋನಿಕಾ ಅವರು ಫ್ರಾನ್ಸಿನ ಬಯೋನ್‌ನಲ್ಲಿ 1868ರಲ್ಲಿ ಸ್ಥಾಪಿಸಿದ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಧರ್ಮಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಅಡಿಪಾಯ ಹಾಕಿದರು. 1921ರಲ್ಲಿ ಅವರಿಂದ ಸಂತ ಆಗ್ನೆಸ್ ಕಾಲೇಜು ಆರಂಭವಾಯಿತು. ಮುಂಬಯಿಯ ಶಾಲೆಗಳಿಗೂ ಆಸ್ಪತ್ರೆಗಳಿಗೂ ದುಡಿಯಲು ಬಂದ ಎಷ್ಟೋ ಕರಾವಳಿಯ ಹೆಣ್ಣುಮಕ್ಕಳ ಹಿಂದೆ ಈ ಕಾನ್ವೆಂಟುಗಳ ಪಾಠವಿದೆ.

ಸಂಸ್ಥೆಗಳ ಮಾತು ಒತ್ತಟ್ಟಿಗಿರಲಿ. ಮುಂಬಯಿಯ ಯಾಜಕರ 1980ರ ಮಹಾಸಭೆಯ ಚಿಂತನೆಯ ಫಲವಾಗಿ ಆ ದಶಕದಲ್ಲಿ ಇಲ್ಲಿ 'ಕಿರು ಕ್ರೈಸ್ತ ಸಮುದಾಯ'ಗಳು ರೂಪುಗೊಂಡವು. ಒಂದು ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಅಕ್ಕಪಕ್ಕದ ಕಟ್ಟಡಗಳ, ಚಾಳುಗಳ ಕೆಲವು ಹತ್ತು ಕುಟುಂಬಗಳನ್ನು ಕೂಡಿಸಿ, ಶಾಸ್ತ್ರಪಠನ, ಪ್ರಾರ್ಥನೆ, ನೆರೆಹೊರೆಯ ಕಷ್ಟಸುಖಗಳ ವಿಚಾರಣೆ ನಡೆಸುವ ಏರ್ಪಾಡಿದು. ಹಳ್ಳಿಯ ನಂಟು ಕಳಚಿಕೊಂಡು ಬಂದವರಿಗೆ ಮಹಾನಗರದಲ್ಲಿ ಇದು ಒಂದು ಬಗೆಯ ಊರು. ಇದನ್ನು ನಡೆಸುವವರು ಯಾರು? ಸಂಜೆ ಆರರ ಲೋಕಲ್ ಹಿಡಿದು ಮನೆಗೆ ಬಂದು, ಕುಕ್ಕರಿಗೆ ಅಕ್ಕಿ ಹಾಕಿ, ಪಕ್ಕದ ಕಟ್ಟಡದ ಮೂರನೆಯ ಮಹಡಿಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಂಡು ಬರುವ ಹೆಂಗಸರೇ ಹೆಚ್ಚು. ಯಾರ ಮನೆಯಲ್ಲಿ ಗಂಡನ ಕುಡಿತ ಮಿತಿಮೀರಿದೆ, ಯಾರ ಮಗ ಕೆಲಸ ಕಳೆದುಕೊಂಡಿದ್ದಾನೆ ಎಂಬುದನ್ನು ಧರ್ಮಕೇಂದ್ರದ ಗುರುಗಳಿಗಿಂತ ಮೊದಲೇ ಬಲ್ಲವರು ಅವರು. ಭಾನುವಾರದ ಧರ್ಮೋಪದೇಶದ ತರಗತಿಗಳಲ್ಲಿ ಮಕ್ಕಳಿಗೆ ಶ್ರದ್ಧೆಯ ಮೊದಲ ಪಾಠ ಹೇಳುವವರೂ ಬಹುತೇಕ ಅವರೇ. ಪಾಲನೆ ಎಂಬ ಶಬ್ದಕ್ಕೆ ಏನಾದರೂ ಅರ್ಥವಿದ್ದರೆ, ಮುಂಬಯಿಯ ಧರ್ಮಸಭೆಯಲ್ಲಿ ಆ ಅರ್ಥದ ದೊಡ್ಡ ಭಾಗ ಸ್ತ್ರೀಯರ ದುಡಿಮೆಯಲ್ಲಿದೆ.

ಆದರೆ ಕಾನೂನಿನ ಮುಂದೆ ಈ ದುಡಿಮೆಗೆ ಇರುವ ಹೆಸರೇ ಬೇರೆ. ಕನ್ನಡದ ಸಾಮಾನ್ಯ ಓದುಗನಿಗೆ ಆಶ್ಚರ್ಯವಾಗಬಹುದಾದ ಸಂಗತಿಯೆಂದರೆ, ಬಿಳಿಯ ನಿಲುವಂಗಿ ತೊಟ್ಟು ಜೀವಮಾನವನ್ನೇ ಮುಡಿಪಿಟ್ಟ ಧರ್ಮಭಗಿನಿಯೂ ಕಥೋಲಿಕ ಶಾಸನದ ಪ್ರಕಾರ ಯಾಜಕವರ್ಗಕ್ಕೆ ಸೇರಿದವಳಲ್ಲ. ದೀಕ್ಷೆಯ ದೃಷ್ಟಿಯಿಂದ ಅವಳು ಶ್ರೀಸಾಮಾನ್ಯ ಭಕ್ತರ ಸಾಲಿನವಳು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1024ನೆಯ ವಿಧಿ ಯಾಜಕದೀಕ್ಷೆಯನ್ನು ಪುರುಷನಿಗೆ ಮಾತ್ರ ಮೀಸಲಿಡುತ್ತದೆ. 1994ರಲ್ಲಿ ಎರಡನೆಯ ಜಾನ್ ಪಾಲ್ ಅವರು, ಸ್ತ್ರೀಯರಿಗೆ ಯಾಜಕತ್ವ ನೀಡುವ ಅಧಿಕಾರವೇ ಧರ್ಮಸಭೆಗೆ ಇಲ್ಲವೆಂದು ಸಾರಿ ಚರ್ಚೆಯ ಬಾಗಿಲನ್ನು ಮುಚ್ಚಿದರು. ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಅರೆತೆರೆದಂತೆ ಕಾಣುತ್ತಿದ್ದ ಇನ್ನೊಂದು ಬಾಗಿಲು 'ಡೀಕನ್' ಪದವಿಯದು. ಯಾಜಕರಿಗಿಂತ ಒಂದು ಮೆಟ್ಟಿಲು ಕೆಳಗಿರುವ ಈ ದೀಕ್ಷೆ ಪಡೆದವರು ದೀಕ್ಷಾಸ್ನಾನ ನೀಡಬಹುದು, ವಿವಾಹಗಳನ್ನು ನೆರವೇರಿಸಬಹುದು, ಬಲಿಪೂಜೆಯಲ್ಲಿ ಪ್ರವಚನ ಮಾಡಬಹುದು. ಬಲಿಪೂಜೆಯನ್ನು ಅರ್ಪಿಸುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ.

ಭಾಷಾ ವಿದ್ಯಾರ್ಥಿಗಳಿಗೆ ಇಲ್ಲಿ ಕುತೂಹಲದ ಒಂದು ಅಂಶವಿದೆ. 'ಡೀಕನ್' ಎಂಬುದರ ಮೂಲ 'ದಿಯಾಕೊನೊಸ್' ಎಂಬ ಗ್ರೀಕ್ ಶಬ್ದ. ಸೇವೆ ಮಾಡುವವರು ಎಂಬುದು ಅದರ ಅರ್ಥ. ಸಂತ ಪೌಲನು ರೋಮಿನವರಿಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯದ ಆರಂಭದಲ್ಲಿ ಫೊಯಿಬೆ ಎಂಬ ಸ್ತ್ರೀಗೆ ಇದೇ ಶಬ್ದವನ್ನು ಬಳಸಿದ್ದಾನೆ. ಪುರುಷರ ವಿಷಯದಲ್ಲಿ ಈ ಶಬ್ದ ಬಂದಾಗ ಅದನ್ನು ಪದವಿಯ ಹೆಸರೆಂದೂ, ಫೊಯಿಬೆಯ ವಿಷಯದಲ್ಲಿ ಬಂದಾಗ ಬರಿಯ ಸೇವೆಯೆಂದೂ ಅರ್ಥೈಸಿದ ಅನುವಾದಕರು ನಾನಾ ಭಾಷೆಗಳಲ್ಲಿ ಇದ್ದಾರೆ. ಎರಡೂ ಕಡೆ ಪದವಿಯೆಂದೇ ಅರ್ಥೈಸಿದವರೂ ಇದ್ದಾರೆ. ಫೊಯಿಬೆಯ ಸೇವೆ ಇಂದಿನ ಡೀಕನ್ ಪದವಿಗೆ ಸಮವೇ ಅಲ್ಲವೇ ಎಂಬುದನ್ನು ಶಬ್ದವೊಂದರ ಬಲದಿಂದಲೇ ತೀರ್ಮಾನಿಸಲಾಗದು, ಮೊದಲ ಶತಮಾನದಲ್ಲಿ ಪದವಿಗಳೇ ಇನ್ನೂ ಖಚಿತವಾಗಿರಲಿಲ್ಲ. ಆದರೆ ಒಂದೇ ಶಬ್ದ ಗಂಡಿಗೆ ಪದವಿಯಾಗಿ, ಹೆಣ್ಣಿಗೆ ಗುಣವಾಗಿ ಒಡೆದುಕೊಳ್ಳುವ ಈ ಪ್ರಕ್ರಿಯೆಯನ್ನು ಕನ್ನಡದ ಓದುಗರು ಬೇರೆಡೆಯೂ ಬಲ್ಲರು. ಗುರು ಎಂದರೆ ಪೀಠಸ್ಥನು. ಗುರುಪತ್ನಿ ಎಂದರೆ ಪೀಠಸ್ಥನ ಹೆಂಡತಿ.

ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಒಂದು, 2020ರಲ್ಲಿ ಇನ್ನೊಂದು ಆಯೋಗವನ್ನು ನೇಮಿಸಿ ಸ್ತ್ರೀ ಡೀಕನ್ ಪ್ರಶ್ನೆಯ ಅಧ್ಯಯನಕ್ಕೆ ಅವಕಾಶ ಕೊಟ್ಟರು. 2021ರ ಜನವರಿಯಲ್ಲಿ ಶಾಸ್ತ್ರಪಾಠಕ ಹಾಗೂ ಪೀಠಸೇವಕ ಎಂಬ ಸೇವಾಪದಗಳು ಶಾಸನಬದ್ಧವಾಗಿ ಸ್ತ್ರೀಯರಿಗೂ ತೆರೆದವು; ಅದೇ ಮೇ ತಿಂಗಳಲ್ಲಿ ಧರ್ಮೋಪದೇಶಕರ ಸೇವೆಗೆ ವಿಧಿವತ್ತಾದ ಮನ್ನಣೆ ದೊರೆಯಿತು. 2023ರ ಅಕ್ಟೋಬರಿನಲ್ಲಿ ರೋಮಿನಲ್ಲಿ ನಡೆದ ಧರ್ಮಾಧ್ಯಕ್ಷರ ಮಹಾಸಭೆಯಲ್ಲಿ ಮೊಟ್ಟಮೊದಲ ಬಾರಿಗೆ 54 ಮಂದಿ ಸ್ತ್ರೀಯರು ಮತದಾನದ ಹಕ್ಕು ಪಡೆದು ಕುಳಿತರು. ಅವರಲ್ಲಿ, ಮೇಲೆ ಹೇಳಿದ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಮಹಾಮಾತೆ ಸಿಸ್ಟರ್ ಮರಿಯಾ ನಿರ್ಮಲಿನಿ ಅವರೂ ಒಬ್ಬರೆಂಬುದನ್ನು ಕರಾವಳಿಯವರು ನೆನೆಯಬೇಕು. 2025ರ ಜನವರಿಯಲ್ಲಿ ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ಅವರು ಜಗತ್ತಿನ ಎಲ್ಲ ಧಾರ್ಮಿಕ ಸಂಸ್ಥೆಗಳ ಮೇಲ್ವಿಚಾರಣೆಯ ವ್ಯಾಟಿಕನ್ ಇಲಾಖೆಗೆ ಮುಖ್ಯಸ್ಥರಾದರು. ಮಾರ್ಚ್ 1ರಿಂದ ಸಿಸ್ಟರ್ ರಫಾಯೆಲ್ಲಾ ಪೆಟ್ರಿನಿ ಅವರು ವ್ಯಾಟಿಕನ್ ನಗರರಾಜ್ಯದ ಆಡಳಿತದ ಅಧ್ಯಕ್ಷೆಯಾದರು.

ಹೊಸ ಪೋಪರ ನಿಲುವು ಈ ಎರಡು ದಾರಿಗಳನ್ನು ಬೇರೆಬೇರೆಯಾಗಿಯೇ ಇಟ್ಟಿದೆ. 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಅವರು ಸ್ತ್ರೀಯರನ್ನು ಆಡಳಿತದ ಸ್ಥಾನಗಳಿಗೆ ನೇಮಿಸುವ ಹಾದಿಯನ್ನು ಮುಂದುವರಿಸುವುದಾಗಿಯೂ, ದೀಕ್ಷೆಯ ವಿಷಯದ ಬೋಧನೆಯನ್ನು ಸದ್ಯಕ್ಕೆ ಬದಲಿಸುವ ಉದ್ದೇಶವಿಲ್ಲವೆಂದೂ ತಿಳಿಸಿದರು. ಆ ವರ್ಷದ ಡಿಸೆಂಬರ್ 4ರಂದು ಬೆಳಕಿಗೆ ಬಂದ ಎರಡನೆಯ ಆಯೋಗದ ವರದಿಯು, ಈವರೆಗಿನ ಅಧ್ಯಯನಗಳ ಬೆಳಕಿನಲ್ಲಿ ಸ್ತ್ರೀಯರನ್ನು ದೀಕ್ಷಾರೂಪದ ಡೀಕನ್ ಪದವಿಗೆ ಸೇರಿಸುವ ಸಾಧ್ಯತೆಯಿಲ್ಲವೆಂದು ಹೇಳಿತು. ಇದು ಅಂತಿಮ ತೀರ್ಪಲ್ಲವೆಂಬ ಮಾತನ್ನೂ ಸೇರಿಸಿತು.

ಈ ವಾರ್ತೆ ಮುಂಬಯಿಯಲ್ಲಿ ಬೇರೆಡೆಗಿಂತ ಸ್ವಲ್ಪ ಹೆಚ್ಚು ಚುಚ್ಚುವುದಕ್ಕೆ ಕಾರಣವಿದೆ. ಭಾರತದಲ್ಲಿ ಅಪರೂಪವಾದ ಖಾಯಂ ಡೀಕನ್‌ರ ಪದ್ಧತಿಯನ್ನು ಅಂಗೀಕರಿಸಿದ ಮಹಾಧರ್ಮಪ್ರಾಂತ್ಯ ಇದು. ಇಲ್ಲಿ ಮದುವೆಯಾಗಿ ಮಕ್ಕಳೊಂದಿಗರಾದ, ನೌಕರಿ ಮಾಡಿದ ಗೃಹಸ್ಥರೂ ದೀಕ್ಷೆ ಪಡೆದು ಡೀಕನ್‌ರಾಗಿದ್ದಾರೆ. ವಿವಾಹಿತ ಪುರುಷನಿಗೆ ಈ ದೀಕ್ಷೆ ಸಲ್ಲಬೇಕಾದರೆ ಅವನ ಪತ್ನಿಯ ಒಪ್ಪಿಗೆ ಕಡ್ಡಾಯವೆಂದು ಸಂಹಿತೆಯ 1031ನೆಯ ವಿಧಿ ಹೇಳುತ್ತದೆ. ಪತ್ನಿಯ ಸಮ್ಮತಿಯಿಲ್ಲದೆ ಪತಿಗೆ ದೀಕ್ಷೆಯಿಲ್ಲ. ಸಮ್ಮತಿ ನೀಡುವಷ್ಟು ವಿವೇಕವುಳ್ಳ ಆಕೆಗೆ ಮಾತ್ರ ಆ ದೀಕ್ಷೆ ಎಂದೆಂದಿಗೂ ಇಲ್ಲ. ನಲವತ್ತು ವರ್ಷ ಧರ್ಮೋಪದೇಶ ಮಾಡಿದ ಧರ್ಮಭಗಿನಿ ಪೀಠದ ಮುಂದೆ ಕುಳಿತು, ತನ್ನ ಹಳೆಯ ವಿದ್ಯಾರ್ಥಿ ಡೀಕನ್ನನಾಗಿ ಮಾಡುವ ಪ್ರವಚನವನ್ನು ಕೇಳಬೇಕಾಗಿ ಬರುವುದು ಕೇವಲ ಕಲ್ಪನೆಯ ಸಂದರ್ಭವಲ್ಲ.

ಇಷ್ಟಾದರೂ, ಮುಂಬಯಿಯ ಮಹಿಳೆಯರ ನಿರೀಕ್ಷೆ ದೀಕ್ಷೆಯೊಂದಕ್ಕೇ ಜೋತು ಬೀಳುವುದು ವಿವೇಕವೆನಿಸದು. ದೀಕ್ಷೆಯ ತೀರ್ಮಾನ ರೋಮಿನದು. ಮುಂಬಯಿಯ ಮಹಾಧರ್ಮಾಧ್ಯಕ್ಷರು ಬಯಸಿದರೂ ಕೊಡಲಾರರು. ಆದರೆ ಅವರು ಇಂದೇ ಕೊಡಬಹುದಾದದ್ದು ಬಹಳಷ್ಟಿದೆ. ಈಗಿರುವ ಸಂಹಿತೆಯ ಒಂದಕ್ಷರವನ್ನೂ ತಿದ್ದದೆ ಮಹಾಧರ್ಮಪ್ರಾಂತ್ಯದ ದಫ್ತರದ ಮುಖ್ಯಾಧಿಕಾರಿಯನ್ನಾಗಿ ಸ್ತ್ರೀಯನ್ನು ನೇಮಿಸಬಹುದು. ಹಣಕಾಸಿನ ಅಧಿಕಾರಿಯನ್ನಾಗಿ ನೇಮಿಸಬಹುದು. ವಿವಾಹ ವ್ಯಾಜ್ಯಗಳನ್ನು ವಿಚಾರಿಸುವ ಧರ್ಮನ್ಯಾಯಾಲಯದಲ್ಲಿ, ಧರ್ಮಾಧ್ಯಕ್ಷರ ಮಂಡಲಿಯ ಅನುಮತಿಯೊಂದಿಗೆ, ನ್ಯಾಯಾಧೀಶೆಯನ್ನಾಗಿ ಕೂರಿಸಬಹುದು. ಗೋರೆಗಾಂವದ ಸಂತ ಹತ್ತನೆಯ ಪಿಯುಸ್ ಗುರುಮಠದಲ್ಲಿ ನಾಳಿನ ಯಾಜಕರನ್ನು ರೂಪಿಸುವ ಹಾಗೂ ಅವರ ಯೋಗ್ಯತೆಯನ್ನು ತೂಗುವ ಕೆಲಸದಲ್ಲಿ ಸ್ತ್ರೀಯರಿಗೆ ನಿಜವಾದ ಪಾತ್ರ ಕೊಡಬಹುದು. ಈ ಕೊನೆಯದು ಎಲ್ಲಕ್ಕಿಂತ ಮುಖ್ಯವೆಂದು ತೋರುತ್ತದೆ. ಇಪ್ಪತ್ತೈದರ ಹರೆಯದಲ್ಲಿ ಸ್ತ್ರೀಯೊಬ್ಬಳಿಂದ ಪಾಠ ಹೇಳಿಸಿಕೊಂಡು, ಅವಳ ಅಭಿಪ್ರಾಯಕ್ಕೆ ತನ್ನ ಭವಿಷ್ಯ ಒಳಪಟ್ಟಿದೆಯೆಂದು ಅರಿತ ಯುವಕ, ಐವತ್ತರಲ್ಲಿ ಧರ್ಮಕೇಂದ್ರದ ಮುಖ್ಯಸ್ಥನಾದಾಗ ಮಹಿಳಾ ಸದಸ್ಯೆಯ ಮಾತನ್ನು ಬೇರೆಯೇ ರೀತಿಯಲ್ಲಿ ಕೇಳಿಸಿಕೊಳ್ಳುತ್ತಾನೆ.

ಈಗ ಇರುವ ವ್ಯವಸ್ಥೆಯ ದೊಡ್ಡ ದೋಷವೆಂದರೆ ಅದು ವ್ಯಕ್ತಿಯ ಒಳ್ಳೆಯತನವನ್ನು ನಂಬಿ ನಿಂತಿರುವುದು. ಧರ್ಮಕೇಂದ್ರದ ಪಾಲನಾ ಸಮಿತಿಗೆ ಸಂಹಿತೆ ಕೊಟ್ಟಿರುವುದು ಸಲಹೆಯ ಅಧಿಕಾರ ಮಾತ್ರ. ಸಲಹೆ ಕೇಳುವ ಗುರುಗಳು ಬಂದರೆ ಮಹಿಳೆಯರು ಓದುತ್ತಾರೆ, ಪರಮಪ್ರಸಾದ ವಿತರಿಸುತ್ತಾರೆ, ಬಾಲಕಿಯರು ಪೀಠಸೇವೆಗೆ ನಿಲ್ಲುತ್ತಾರೆ, ಲೆಕ್ಕಪತ್ರ ನೋಡುತ್ತಾರೆ. ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ ತಪ್ಪದು. ಬೇರೆ ಸ್ವಭಾವದ ಗುರುಗಳು ಬಂದರೆ ಅವೆಲ್ಲವೂ ಸದ್ದಿಲ್ಲದೆ ನಿಲ್ಲಬಹುದು. ನಿಂತಾಗ ಕೇಳಲು ಯಾವ ವಿಧಿಯೂ ಆ ಹೆಂಗಸರ ಕೈಯಲ್ಲಿಲ್ಲ. ಬಾಲಕಿಯರ ಪೀಠಸೇವೆಗೆ 1994ರಲ್ಲಿ ರೋಮ್ ಅನುಮತಿ ನೀಡಿದಾಗಲೂ ಅದು ಬಿಷಪ್ಪರ ಹಾಗೂ ಗುರುಗಳ ಇಚ್ಛೆಗೆ ಬಿಟ್ಟ ಅನುಮತಿಯೇ ಆಗಿತ್ತು. ಇದು ಅನುಗ್ರಹ, ಹಕ್ಕಲ್ಲ.

ಅನುಗ್ರಹಕ್ಕೂ ಹಕ್ಕಿಗೂ ಇರುವ ಅಂತರವನ್ನು ಮುಂಬಯಿಯ ಕ್ರೈಸ್ತ ಮಹಿಳೆಯರು ಇನ್ನೊಂದು ರಂಗದಲ್ಲಿ ಕಂಡಿದ್ದಾರೆ. 1869ರ ಭಾರತೀಯ ವಿಚ್ಛೇದನ ಕಾಯಿದೆಯ ಪ್ರಕಾರ ಕ್ರೈಸ್ತ ಗಂಡನು ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿ ವಿಚ್ಛೇದನ ಪಡೆಯಬಹುದಿತ್ತು. ಹೆಂಡತಿಯಾದರೋ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಿತ್ತು. ನೂರಕ್ಕೂ ಹೆಚ್ಚು ವರ್ಷಗಳ ಕಾಲ ಈ ತಾರತಮ್ಯವನ್ನು ಸಹಿಸಿಕೊಂಡವರಿಗೆ ಸಮಾಧಾನದ ಮಾತುಗಳು ಸಾಕಷ್ಟು ಸಿಕ್ಕಿರಬೇಕು. 1997ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಪೂರ್ಣಪೀಠ ಆ ಭಾಗವನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. 2001ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ ಸ್ತ್ರೀಪುರುಷರಿಗೆ ಸಮಾನ ಕಾರಣಗಳನ್ನು ಒದಗಿಸಿತು. ಒಳ್ಳೆಯ ಗಂಡಂದಿರು ಅದಕ್ಕೂ ಮೊದಲೇ ಇದ್ದರು. ಕೆಟ್ಟ ಗಂಡನ ಕೈಗೆ ಸಿಕ್ಕವಳಿಗೆ ಅವರ ಒಳ್ಳೆಯತನದಿಂದ ಪ್ರಯೋಜನವೇನೂ ಇರಲಿಲ್ಲ.

ಧರ್ಮಸಭೆಯ ಒಳಗೆ ಹಕ್ಕಿನ ಭಾಷೆ ಇಲ್ಲವೇ ಇಲ್ಲವೆಂದರೆ ತಪ್ಪಾದೀತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಲಿಯು 2008ರಲ್ಲಿ ಜಮ್ಶೆಡ್‌ಪುರದಲ್ಲಿ ನಡೆಸಿದ ಮಹಾಧಿವೇಶನಕ್ಕೆ ಮಹಿಳಾ ಸಬಲೀಕರಣವನ್ನೇ ವಿಷಯವಾಗಿಸಿಕೊಂಡಿತು; 2010ರಲ್ಲಿ ಲಿಂಗಸಮಾನತೆಯ ನೀತಿಯನ್ನು ಪ್ರಕಟಿಸಿತು. ಈ ಚಿಂತನೆಯ ಹಿಂದೆ ಮುಂಬಯಿಯ ಇಬ್ಬರು ಮಹಿಳೆಯರ ಶ್ರಮವಿದೆ. ಮಂಡಲಿಯ ಮಹಿಳಾ ಆಯೋಗದ ಕಾರ್ಯದರ್ಶಿಯಾಗಿದ್ದ ವರ್ಜೀನಿಯಾ ಸಲ್ಡಾನ್ಹಾ ಒಬ್ಬರು. ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ನಿಧಿಯನ್ನು ಕಟ್ಟಿದ ವಿಜ್ಞಾನಿ ಹಾಗೂ ದೈವಶಾಸ್ತ್ರ ಚಿಂತಕಿ ಆಸ್ಟ್ರಿಡ್ ಲೋಬೊ ಗಾಜಿವಾಲಾ ಇನ್ನೊಬ್ಬರು. ಇಬ್ಬರೂ ಗೃಹಸ್ಥೆಯರು, ಧರ್ಮಭಗಿನಿಯರಲ್ಲ. 'ಸತ್ಯಶೋಧಕ' ಎಂಬ ಹೆಸರಿನಲ್ಲಿ ಮುಂಬಯಿಯಲ್ಲಿ ಕೂಡಿದ ಕ್ರೈಸ್ತ ಸ್ತ್ರೀವಾದಿಗಳ ಗುಂಪು, ಜೋತಿಬಾ ಫುಲೆಯವರ ಸಮಾಜದ ಹೆಸರನ್ನು ನೆನಪಿಸುವಂತೆ ತನಗೆ ಹೆಸರಿಟ್ಟುಕೊಂಡದ್ದೂ ಅರ್ಥವತ್ತಾಗಿದೆ. ಆದರೆ ನೀತಿ ಎಂಬುದು ಶಾಸನವಲ್ಲ. ಅದನ್ನು ಪಾಲಿಸದ ಧರ್ಮಕೇಂದ್ರಕ್ಕೆ ಯಾರೂ ನೋಟೀಸು ಕಳಿಸುವುದಿಲ್ಲ.

ಹೊಸ ಮಹಾಧರ್ಮಾಧ್ಯಕ್ಷರ ಮುಂದಿರುವ ಅವಕಾಶ ಇದೇ. ರೋಮಿನ ತೀರ್ಮಾನಕ್ಕೆ ಕಾಯದೆ, 2010ರ ನೀತಿಯ ಸಾರವನ್ನು ತಮ್ಮ ಪ್ರಾಂತ್ಯದ ಮಟ್ಟಿಗೆ ಕಟ್ಟುನಿಟ್ಟಿನ ನಿಯಮವಾಗಿ ಹೊರಡಿಸಲು ಧರ್ಮಾಧ್ಯಕ್ಷರಿಗೆ ಅಧಿಕಾರವಿದೆ. ತನ್ನ ಪ್ರಾಂತ್ಯಕ್ಕೆ ಧರ್ಮಾಧ್ಯಕ್ಷನೇ ಶಾಸಕ. ಪ್ರತಿ ಧರ್ಮಕೇಂದ್ರದ ಹಣಕಾಸು ಸಮಿತಿಯಲ್ಲಿ ಇಂತಿಷ್ಟು ಮಂದಿ ಸ್ತ್ರೀಯರಿರತಕ್ಕದ್ದು ಎಂಬ ಒಂದು ವಾಕ್ಯ, ಮರಿಯಮ್ಮನ ಮಹಿಮೆಯನ್ನು ಕುರಿತ ನೂರು ಪ್ರವಚನಗಳಿಗಿಂತ ಹೆಚ್ಚಿನ ಕೆಲಸ ಮಾಡಬಲ್ಲುದು. ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರದಲ್ಲಿಯೂ ಇರಲೇಬೇಕೆಂದು ಸಂಹಿತೆಯೇ ವಿಧಿಸಿದೆ. ಮುಂಬಯಿಯಂತಹ ನಗರದಲ್ಲಿ ಇಗರ್ಜಿಗಳ ಜಮೀನಿನ ಬೆಲೆಯನ್ನು ಬಲ್ಲವರಿಗೆ ಆ ಸಮಿತಿಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ದೂರುಗಳ ವಿಚಾರಣೆಯೂ ಹೀಗೆಯೇ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸ್ಥಳಗಳಲ್ಲಿ ಆಂತರಿಕ ಸಮಿತಿಯನ್ನು ದೇಶದ 2013ರ ಕಾಯಿದೆಯೇ ಕಡ್ಡಾಯಗೊಳಿಸಿದೆ. 2018ರಲ್ಲಿ ಕೇರಳದ ಧರ್ಮಭಗಿನಿಯರು ಕೊಚ್ಚಿಯ ಬೀದಿಯಲ್ಲಿ ಧರಣಿ ಕುಳಿತ ಪ್ರಸಂಗವನ್ನು ದೇಶವೆಲ್ಲ ಕಂಡಿತು. ಆ ಪ್ರಕರಣದಲ್ಲಿ ಆರೋಪಿ ಬಿಷಪ್ಪರನ್ನು 2022ರ ಜನವರಿಯಲ್ಲಿ ವಿಚಾರಣಾ ನ್ಯಾಯಾಲಯ ಖುಲಾಸೆಗೊಳಿಸಿತು. ತೀರ್ಪಿನ ಸಾಧಕಬಾಧಕಗಳು ಹಾಗಿರಲಿ, ಸಭೆಯ ಒಳಗೆ ತಮ್ಮ ದೂರನ್ನು ಕೇಳುವವರಿಲ್ಲವೆಂದು ಆ ಸ್ತ್ರೀಯರು ಬೀದಿಗೆ ಬರಬೇಕಾಯಿತಲ್ಲ ಎಂಬುದು ಯಾವ ಮಹಾಧರ್ಮಾಧ್ಯಕ್ಷರೂ ಮರೆಯಬಾರದ ಸಂಗತಿ.

ಸೇವೆಗೆ ಅಧಿಕಾರದ ಹಂಬಲ ಸಲ್ಲದು, ಮರಿಯಮ್ಮ ಯಾವ ಪದವಿಯನ್ನೂ ಕೇಳಲಿಲ್ಲ ಎನ್ನುವ ವಾದ ಈ ಮಾತುಗಳಿಗೆಲ್ಲ ಎದುರಾಗಿ ಬರುವುದುಂಟು. ಭಕ್ತಿಯ ದೃಷ್ಟಿಯಿಂದ ಇದು ಸುಂದರವಾದ ಮಾತು. ಆದರೆ ಸೇವೆಗೆ ಅಧಿಕಾರ ಬೇಡವೆಂಬ ಉಪದೇಶವನ್ನು ಅಧಿಕಾರ ಉಳ್ಳವರು ಇಲ್ಲದವರಿಗೆ ಮಾಡಿದಾಗ ಅದರ ರುಚಿಯೇ ಬೇರೆ. ಇನ್ನು ಪರಂಪರೆಯ ವಾದ. ಮುಂಬಯಿಯ ಪೀಠದಲ್ಲಿ ಮೊದಲ ಭಾರತೀಯ ಮಹಾಧರ್ಮಾಧ್ಯಕ್ಷರಾಗಿ ವಲೇರಿಯನ್ ಗ್ರೇಶಿಯಸ್ ಕುಳಿತದ್ದು 1950ರಲ್ಲಿ. 1953ರಲ್ಲಿ ಅವರು ಭಾರತದ ಮೊದಲ ಕಾರ್ಡಿನಲ್ ಆದರು. ಅದಕ್ಕೆ ಮುಂಚಿನವರೆಗೆ ಯುರೋಪಿನವರು ಮಾತ್ರ ಆ ಪೀಠಕ್ಕೆ ಅರ್ಹರೆಂಬುದು ಪರಂಪರೆಯಂತೆಯೇ ತೋರುತ್ತಿತ್ತು. ದೀಕ್ಷೆಯ ಪ್ರಶ್ನೆಯಲ್ಲಿರುವ ದೈವಶಾಸ್ತ್ರದ ತೊಡಕು ಇಲ್ಲಿ ಇರಲಿಲ್ಲವೆಂಬುದು ನಿಜ. ಆದರೆ ಹಣಕಾಸು ಸಮಿತಿಗೂ ದಫ್ತರಕ್ಕೂ ಅಂತಹ ತೊಡಕು ಈಗಲೂ ಇಲ್ಲ.

ಹೀಗೆಂದ ಮಾತ್ರಕ್ಕೆ ಕನ್ನಡದ ಇತರ ಪರಂಪರೆಗಳು ಈ ವಿಷಯದಲ್ಲಿ ಬೀಗುವಂತೇನೂ ಇಲ್ಲ. ಅಕ್ಕಮಹಾದೇವಿಯನ್ನು ಅನುಭವ ಮಂಟಪದಲ್ಲಿ ಅಲ್ಲಮನು ಪರೀಕ್ಷಿಸಿ ಒಪ್ಪಿದನೆಂಬ ಕಥನವನ್ನು ಎಲ್ಲ ಪಠ್ಯಗಳಲ್ಲಿಯೂ ಓದಿಸಲಾಗುತ್ತದೆ. ಅದಾದ ಎಂಟು ಶತಮಾನಗಳ ಮೇಲೆ, 1970ರಲ್ಲಿ ಧಾರವಾಡದಲ್ಲಿ ಮಾತೆ ಮಹಾದೇವಿ ಜಗದ್ಗುರು ಪೀಠವನ್ನೇರಿದಾಗ ಅದು ಸುದ್ದಿಯಾಯಿತು. ಅಷ್ಟು ತಡವಾಗಿ ಬಂದದ್ದೂ ಇಂದಿಗೂ ಅಪವಾದವಾಗಿ ಉಳಿದಿದೆ. ಪ್ರೊಟೆಸ್ಟೆಂಟ್ ಪರಂಪರೆಯ ದಕ್ಷಿಣ ಭಾರತ ಸಭೆ 1976ರಲ್ಲಿ ಮೊದಲ ಮಹಿಳೆಗೆ ದೀಕ್ಷೆ ನೀಡಿತು; ಮೊದಲ ಮಹಿಳಾ ಬಿಷಪ್ಪರಾಗಿ ಪುಷ್ಪಲಲಿತಾ ಅವರು ನಂದ್ಯಾಲಕ್ಕೆ ಬರಲು 2013ರ ವರೆಗೆ ಕಾಯಬೇಕಾಯಿತು. ದೀಕ್ಷೆ ದೊರೆತರೂ ಪೀಠ ತಾನಾಗಿ ದೊರೆಯುವುದಿಲ್ಲವೆಂಬುದಕ್ಕೆ ಈ ಮೂವತ್ತೇಳು ವರ್ಷಗಳ ಅಂತರವೇ ನಿದರ್ಶನ. ವಿಶ್ವವಿದ್ಯಾಲಯಗಳ ಕುಲಪತಿಗಳ ಪಟ್ಟಿಯನ್ನು ತೆಗೆದು ನೋಡಿದರೂ ಇದೇ ಬಗೆಯ ಪಾಠ ಸಿಕ್ಕೀತು.

ಕೊನೆಗೆ ಭಾಷೆಯ ಪ್ರಶ್ನೆಯೊಂದು ಉಳಿಯುತ್ತದೆ. ಮುಂಬಯಿಯಲ್ಲಿ ಸ್ತ್ರೀ ಸೇವಾವೃತ್ತಿಯನ್ನು ಕುರಿತ ಗಂಭೀರ ಚರ್ಚೆ ನಡೆದಿರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, 1850ರಲ್ಲಿ ಹುಟ್ಟಿದ 'ದಿ ಎಕ್ಸಾಮಿನರ್' ವಾರಪತ್ರಿಕೆಯಂತಹ ಪುಟಗಳಲ್ಲಿ, ಬಾಂದ್ರಾದ ಸುತ್ತಮುತ್ತಲಿನ ವಿದ್ಯಾವಂತ ಮನೆಗಳಲ್ಲಿ. ಕಿರು ಕ್ರೈಸ್ತ ಸಮುದಾಯಗಳನ್ನು ಹೊತ್ತು ನಡೆಸುವ ಸಾಕಿನಾಕದ ಕೊಂಕಣಿ ಹೆಂಗಸು, ಧಾರಾವಿಯ ತಮಿಳು ಹೆಂಗಸು, ಉಪನಗರದ ಅಂಚಿನ ಮರಾಠಿ ಹೆಂಗಸು ಆ ಚರ್ಚೆಗೆ ವಿಷಯವಾಗಿದ್ದಾರೆಯೇ ಹೊರತು ಭಾಗಿಗಳಾಗಿಲ್ಲ. ಸಮಿತಿಗಳಲ್ಲಿ ಸ್ತ್ರೀಯರಿಗೆ ಸ್ಥಾನ ಮೀಸಲಾದ ದಿನ, ಇಂಗ್ಲಿಷ್ ಬಲ್ಲ ಕೆಲವರೇ ಅವನ್ನೆಲ್ಲ ತುಂಬುವ ಸಂಭವವಿದೆ. 2010ರ ನೀತಿಯ ಒಂದೊಂದು ಕಲಮನ್ನೂ, ಸಂಹಿತೆಯಲ್ಲಿ ಸ್ತ್ರೀಗೆ ಈಗಾಗಲೇ ಸಲ್ಲುವ ಅವಕಾಶಗಳನ್ನೂ ಕನ್ನಡ ಲಿಪಿಯ ಕೊಂಕಣಿಯಲ್ಲಿ, ಚಾಳಿನ ಓದುಗಿತ್ತಿಗೆ ತಿಳಿಯುವ ಮಾತಿನಲ್ಲಿ ಇಳಿಸುವ ಕೆಲಸಕ್ಕೆ ಯಾವ ಧರ್ಮಾಧ್ಯಕ್ಷರ ಅಪ್ಪಣೆಯೂ ಬೇಕಾಗಿಲ್ಲ. ಕನ್ನಡ ಲಿಪಿಯ ಬಗ್ಗೆ ಅಭಿಮಾನದಿಂದ ಮಾತನಾಡುವ ವಿಭಾಗಗಳ ಸಂಶೋಧನ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು, ಬರುವ ಮೊಂತಿ ಹಬ್ಬದ ಮುಂಚಿನ ಆ ಹೂವಿನ ದಿನಗಳಲ್ಲಿ ಜರಿಮರಿಯದೋ ಕಲಿನದೋ ಇಗರ್ಜಿಯ ಅಂಗಳಕ್ಕೆ ಹೋಗಿ, ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿರುವ ಹೆಂಗಸರನ್ನು ಕೇಳಬಹುದು: ಈ ಇಗರ್ಜಿಯ ಹಣಕಾಸು ಸಮಿತಿಯಲ್ಲಿ ನಿಮ್ಮವರು ಯಾರಿದ್ದಾರೆ?